ಹೊರದೇಶದಲ್ಲಿ ಶೂಟಿಂಗೇ? ಮೊದಲು ಕಾಗದ ಗಟ್ಟಿಮಾಡಿಕೊಳ್ಳಿ

ನಾಗಮಂಗಲ ತಾಲ್ಲೂಕಿನ ನಾಗತಿಹಳ್ಳಿಯಲ್ಲಿ ಹುಟ್ಟಿದ ನಿರ್ದೇಶಕ ಚಂದ್ರಶೇಖರ್ ಅಮೆರಿಕದಲ್ಲಿ ಚಿತ್ರೀಕರಿಸಿದ ‘ಅಮೆರಿಕಾ ಅಮೆರಿಕಾ’ 1997ರಲ್ಲಿ ತೆರೆ ಕಂಡಿತು. ಅತ್ಯುತ್ತಮ ಕನ್ನಡ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯೂ ಅದಕ್ಕೆ ಬಂತು. ಆಮೇಲೆ ಅವರು ‘ಪ್ಯಾರಿಸ್ ಪ್ರಣಯ’ಕ್ಕೆ ಯುರೋಪಿಗೂ ‘ಇಂಡಿಯಾ ವರ್ಸಸ್ ಇಂಗ್ಲೆಂಡ್’ಗೆ ಬ್ರಿಟನ್ನಿಗೂ ಕ್ಯಾಮೆರಾ ಒಯ್ದರು. ಅವರಿಗಿಂತ ಬಹಳ ಹಿಂದೆ, 1978ರಲ್ಲೇ, ದ್ವಾರಕೀಶ್ ಮತ್ತು ವಿಷ್ಣುವರ್ಧನ್ ‘ಸಿಂಗಾಪೂರಿನಲ್ಲಿ ರಾಜಾ ಕುಳ್ಳ’ ಮಾಡಿ ಕನ್ನಡ ಸಿನಿಮಾಕ್ಕೆ ಕಡಲಾಚೆಯ ದಾರಿ ತೋರಿಸಿದ್ದರು.

ಈಗ ಶ್ರೀರಂಗಪಟ್ಟಣದ ಕರಿಘಟ್ಟ ಬೆಟ್ಟದ ಕೆಳಗಿನ ಊರುಗಳಿಂದ, ಪಾಂಡವಪುರದಿಂದ, ಕೆ.ಆರ್. ಪೇಟೆಯಿಂದ ಬಂದ ಹುಡುಗ ಹುಡುಗಿಯರು ಅಂಗೈಯಗಲದ ಕ್ಯಾಮೆರಾ ಹಿಡಿದು ಕಿರುಚಿತ್ರ, ಆಲ್ಬಂ ಹಾಡು, ವೆಬ್ ಸರಣಿ ಮಾಡುತ್ತಿದ್ದಾರೆ. ದುಬೈ, ಬಾಲಿ, ಲಂಡನ್ ಎಂದು ಧೈರ್ಯವಾಗಿ ಮಾತಾಡುತ್ತಾರೆ. ಆ ಧೈರ್ಯ ನನಗೆ ಬಹಳ ಇಷ್ಟ. ಆದರೆ ಕ್ಯಾಮೆರಾ ಚಿಕ್ಕದಾಯಿತೆಂದು ಗಡಿಯ ಕಾನೂನು ಚಿಕ್ಕದಾಗಿಲ್ಲ. ಏತಕ್ಕೆ ಬಂದಿರಿ, ದುಡ್ಡು ಯಾರು ಕೊಡುತ್ತಾರೆ, ಎಷ್ಟು ದಿನ ಇರುತ್ತೀರಿ ಎಂಬ ಮೂರು ಪ್ರಶ್ನೆಯನ್ನು ಯಾವ ದೇಶವಾದರೂ ಕೇಳಿಯೇ ಕೇಳುತ್ತದೆ. ವೀಸಾ ಅರ್ಜಿಯಲ್ಲಿ ಬರೆದದ್ದು, ಇಮಿಗ್ರೇಷನ್ ಕೌಂಟರಿನಲ್ಲಿ ಹೇಳಿದ್ದು, ಲೊಕೇಶನ್ ಪರ್ಮಿಟ್ಟಿನಲ್ಲಿ ಇರುವುದು ಈ ಮೂರೂ ಒಂದೇ ಆಗಿದ್ದರೆ ನಿಮ್ಮ ಯೂನಿಟ್ ನಿಶ್ಚಿಂತೆಯಿಂದ ಕೆಲಸ ಮುಗಿಸಿ ಬರುತ್ತದೆ. ಕೆಳಗಿನ ಸೂತ್ರಗಳೆಲ್ಲ ನಿಂತಿರುವುದು ಈ ಒಂದು ಮಾತಿನ ಮೇಲೆ.

1. ಅನುಮತಿ ಕೇಳುವ ಅಭ್ಯಾಸ ಊರಲ್ಲೇ ಶುರುವಾಗಲಿ.

ಶ್ರೀರಂಗಪಟ್ಟಣದ ಸುತ್ತ ಐದಾರು ಮೈಲಿಯೊಳಗೆ ಎಷ್ಟು ಯಜಮಾನರಿದ್ದಾರೆ ನೋಡಿ. ಕರಿಘಟ್ಟದ ಶ್ರೀನಿವಾಸನ ಗುಡಿಯೊಳಗೆ ಕ್ಯಾಮೆರಾ ಇಡಲು ಕೇಳಬೇಕಾದವರು ಒಬ್ಬರು, ಗುಡಿ ಬಿಟ್ಟು ಬೆಟ್ಟದ ಕಾಡಿಗೆ ಇಳಿದರೆ ಕೇಳಬೇಕಾದದ್ದು ಅರಣ್ಯ ಇಲಾಖೆಯನ್ನು. ದರಿಯಾ ದೌಲತ್ ಭಾರತೀಯ ಪುರಾತತ್ವ ಸರ್ವೇಕ್ಷಣೆಯದು. ರಂಗನತಿಟ್ಟು ಪಕ್ಷಿಧಾಮ, ಅಲ್ಲಿ ವನ್ಯಜೀವಿ ಕಾನೂನು. ಇಲ್ಲಿ ಇದನ್ನೆಲ್ಲ ಸರಿಯಾಗಿ ಮಾಡಿ ಕಲಿತ ಪ್ರೊಡಕ್ಷನ್ ಮ್ಯಾನೇಜರ್‌ಗೆ ಲಂಡನ್ ಕಷ್ಟವಾಗುವುದಿಲ್ಲ.

2022ರಲ್ಲಿ ಮೇಲುಕೋಟೆಯ ರಾಯಗೋಪುರದ ಹತ್ತಿರ ತೆಲುಗು ಚಿತ್ರವೊಂದಕ್ಕೆ ಬಾರಿನ ಸೆಟ್ ಹಾಕಿದಾಗ ಊರಿನವರು ತಿರುಗಿಬಿದ್ದದ್ದು ನಮ್ಮ ಭಾಗದವರಿಗೆಲ್ಲ ನೆನಪಿದೆ. ಶೂಟಿಂಗಿಗೆ ಅನುಮತಿ ಪಡೆದರೆ ಅರ್ಧ ಕೆಲಸ ಮಾತ್ರ ಆದಂತೆ. ಅಲ್ಲಿ ಏನು ಕಟ್ಟುತ್ತೇವೆ, ಯಾವ ದೃಶ್ಯ ತೆಗೆಯುತ್ತೇವೆ ಎನ್ನುವುದನ್ನು ಬಿಡಿಸಿ ಬರೆದು, ಆ ನೆಲದವರ ಮನಸ್ಸನ್ನೂ ಕೇಳಿದಾಗ ಉಳಿದರ್ಧ ಮುಗಿಯುತ್ತದೆ. ಹೊರದೇಶದ ಪರ್ಮಿಟ್ ಅರ್ಜಿಯಲ್ಲೂ ದೃಶ್ಯದ ವಿವರಕ್ಕೆಂದೇ ಜಾಗ ಬಿಟ್ಟಿರುತ್ತಾರೆ. ‘ಹಾಡಿನ ಚಿತ್ರೀಕರಣ’ ಎಂದು ಎರಡು ಪದ ಗೀಚಿ ಬಿಡಬೇಡಿ.

2. ‘ಟೂರಿಸ್ಟ್ ವೀಸಾದಲ್ಲಿ ಹೋಗಿ ಬಂದುಬಿಡೋಣ’ ಎಂಬ ಮಾತನ್ನು ಎದ್ದಲ್ಲೇ ಕೂರಿಸಿ.

ಈ ಸಲಹೆ ಪ್ರತಿ ಯೂನಿಟ್ಟಿನಲ್ಲೂ ಯಾರಾದರೊಬ್ಬರ ಬಾಯಲ್ಲಿ ಬರುತ್ತದೆ. ಹತ್ತು ಜನ ದಾಟಿ ಹನ್ನೊಂದನೆಯವರು ಸಿಕ್ಕಿಬಿದ್ದರೂ ಇಡೀ ಶೆಡ್ಯೂಲ್ ನೆಲಕಚ್ಚುತ್ತದೆ. ಅದಕ್ಕಿಂತ ದೊಡ್ಡ ಅನ್ಯಾಯ ಇನ್ನೊಂದಿದೆ. ನಿರ್ಮಾಪಕರು ನಷ್ಟವನ್ನು ಮುಂದಿನ ಚಿತ್ರದಲ್ಲಿ ತುಂಬಿಕೊಳ್ಳಬಹುದು. ಆದರೆ ಬಾಗಿಲಲ್ಲೇ ವಾಪಸ್ ಕಳಿಸಲ್ಪಟ್ಟ ಫೋಕಸ್ ಪುಲ್ಲರ್, ಮೇಕಪ್‌ನವರು, ಲೈಟ್‌ಬಾಯ್ ಇವರ ಹೆಸರಿನ ಮುಂದೆ ಆ ದಾಖಲೆ ಉಳಿಯುತ್ತದೆ. ‘ಯಾವುದಾದರೂ ದೇಶ ನಿಮಗೆ ಪ್ರವೇಶ ನಿರಾಕರಿಸಿದೆಯೇ?’ ಎಂಬ ಪ್ರಶ್ನೆ ಬಹುತೇಕ ವೀಸಾ ಅರ್ಜಿಗಳಲ್ಲಿ ಇದೆ. ಮುಂದೆ ಪ್ರತಿ ಸಲವೂ ಅವರು ಅಲ್ಲಿ ‘ಹೌದು’ ಎಂದೇ ಬರೆಯಬೇಕು. ದಿನಗೂಲಿ ನಂಬಿ ನಿಮ್ಮ ಹಿಂದೆ ಬಂದವರ ಮುಂದಿನ ಅನ್ನಕ್ಕೆ ಕಲ್ಲು ಹಾಕುವ ಹಕ್ಕು ಯಾರಿಗೂ ಇಲ್ಲ.

3. ದೃಶ್ಯದ ಚೆಂದ ನೋಡುವ ಮುನ್ನ ದೇಶದ ನಿಯಮ ನೋಡಿ.

ಒಂದೇ ಕಥೆಗೆ ಎರಡು ದೇಶ ಎರಡು ಬಗೆಯ ಬಾಗಿಲು ತೆರೆಯುತ್ತವೆ. ಬ್ರಿಟನ್ ಉದಾಹರಣೆ ತೆಗೆದುಕೊಳ್ಳಿ. ಚಿತ್ರ ಹೊರದೇಶದ್ದು, ಬಂಡವಾಳ ಹೊರದೇಶದ್ದು, ತಂಡದವರು ಹೊರದೇಶದ ಸಂಸ್ಥೆಯ ನೌಕರರು ಎಂದಾದರೆ, ಲೊಕೇಶನ್ ಶೂಟಿಂಗಿಗೆ ನಟರು, ನಿರ್ದೇಶಕರು, ತಂತ್ರಜ್ಞರು ವಿಸಿಟರ್ ವೀಸಾದಲ್ಲೇ ಬರಬಹುದೆಂದು ಅಲ್ಲಿನ ನಿಯಮವೇ ಹೇಳುತ್ತದೆ. ಆದರೆ ಆ ಕೆಲಸವನ್ನು ಅರ್ಜಿಯಲ್ಲಿ ಬಾಯಿಬಿಟ್ಟು ಹೇಳಿರಬೇಕು, ನಿರ್ಮಾಣ ಸಂಸ್ಥೆಯ ಪತ್ರ ಜೊತೆಗಿರಬೇಕು. ಬ್ರಿಟನ್ನಿನ ಕಂಪನಿಯೇ ನಿಮ್ಮನ್ನು ಕೆಲಸಕ್ಕೆ ತೆಗೆದುಕೊಂಡರೆ ಮಾತ್ರ ಪ್ರಾಯೋಜಕರ ಪ್ರಮಾಣಪತ್ರ ಬೇಡುವ ಕ್ರಿಯೇಟಿವ್ ವರ್ಕರ್ ವೀಸಾ.

ಅಮೆರಿಕದ ಲೆಕ್ಕ ಹೀಗಲ್ಲ. ಕಥಾಚಿತ್ರದಲ್ಲಿ ನಟಿಸಲು, ತಾಂತ್ರಿಕ ಕೆಲಸ ಮಾಡಲು ಸಾಮಾನ್ಯ ಬಿ ವೀಸಾ ಸಾಲದು; ಒ ಅಥವಾ ಪಿ ವರ್ಗದ ವೀಸಾ ಬೇಕಾಗುತ್ತದೆ. ಅದಕ್ಕೆ ಅಮೆರಿಕದಲ್ಲಿರುವ ಸಂಸ್ಥೆ ಅಥವಾ ಏಜೆಂಟ್ ಮೊದಲು ಅಲ್ಲಿನ ಪೌರತ್ವ ಮತ್ತು ವಲಸೆ ಇಲಾಖೆಗೆ ಐ-129 ಅರ್ಜಿ ಹಾಕಬೇಕು, ಆ ಕ್ಷೇತ್ರದ ಕಾರ್ಮಿಕ ಸಂಘಟನೆಯ ಅಭಿಪ್ರಾಯ ಪತ್ರ ಲಗತ್ತಿಸಬೇಕು. ಐ ವೀಸಾ ಸುದ್ದಿ ಮತ್ತು ಸಾಕ್ಷ್ಯಚಿತ್ರದವರಿಗೆ, ಕಥಾಚಿತ್ರಕ್ಕೆ ಅದು ಸಲ್ಲದು. ನಾಯಕನ ಡೇಟ್ಸ್ ಸಿಕ್ಕ ಮೇಲೆ ವೀಸಾ ಯೋಚಿಸುವ ಕ್ರಮ ಅಮೆರಿಕಕ್ಕೆ ನಡೆಯುವುದೇ ಇಲ್ಲ. ಮೊದಲು ವೀಸಾ, ಆಮೇಲೆ ಡೇಟ್ಸ್.

ಯುರೋಪಿನ ಷೆಂಗೆನ್ ವೀಸಾ ಒಂದಿದ್ದರೆ ಹಲವು ದೇಶ ಸುತ್ತಬಹುದು, ನಿಜ. ಯಾವುದೇ 180 ದಿನಗಳಲ್ಲಿ 90 ದಿನ ಇರಬಹುದು. ಕನಿಷ್ಠ 30,000 ಯುರೋ ರಕ್ಷಣೆಯ ವೈದ್ಯಕೀಯ ವಿಮೆ ಕಡ್ಡಾಯ. ಹೊರಡುವ ಆರು ತಿಂಗಳ ಮುಂಚಿನಿಂದ ಅರ್ಜಿ ಹಾಕಬಹುದು. ಆದರೆ ಅಲ್ಲಿ ‘ಇರುವ’ ಅನುಮತಿ ಬೇರೆ, ‘ಕೆಲಸ ಮಾಡುವ’ ಅನುಮತಿ ಬೇರೆ. ಕೆಲಸದ ನಿಯಮ ಒಂದೊಂದು ದೇಶದ್ದು ಒಂದೊಂದು ಥರ. ಮೂರು ದೇಶದಲ್ಲಿ ಶೂಟಿಂಗ್ ಇದ್ದರೆ ಮೂರನ್ನೂ ಪ್ರತ್ಯೇಕವಾಗಿ ವಿಚಾರಿಸಿ.

ನೇಪಾಳಕ್ಕೆ ನಮಗೆ ವೀಸಾ ಬೇಡ. ಶೂಟಿಂಗಿಗೆ ಅಲ್ಲಿನ ಸರ್ಕಾರದ ಒಪ್ಪಿಗೆ ಬೇಕೇ ಬೇಕು.

4. ಪಾಸ್‌ಪೋರ್ಟ್ ತಪಾಸಣೆ ಕಥೆ ಬರೆಯುವ ಹಂತದಲ್ಲೇ ಆಗಲಿ.

ನಮ್ಮ ಕಡೆಯ ಹೆಸರುಗಳದೇ ಒಂದು ಕಷ್ಟ. ಆಧಾರಿನಲ್ಲಿ ಇನಿಷಿಯಲ್ ಮುಂದೆ, ಮಾರ್ಕ್ಸ್ ಕಾರ್ಡಿನಲ್ಲಿ ಹಿಂದೆ, ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ಲೇ ಇಲ್ಲ. ಸರ್‌ನೇಮ್ ಕಾಲಂ ಖಾಲಿ ಬಿಟ್ಟು ‘ನಿಂಗೇಗೌಡ’ ಎಂದಷ್ಟೇ ಇದ್ದರೆ ದುಬೈ ಯೋಜನೆಗೆ ಅಲ್ಲೇ ತೊಡಕು. ಒಂದೇ ಪದದ ಹೆಸರಿರುವ ಪಾಸ್‌ಪೋರ್ಟಿಗೆ ವಿಸಿಟ್ ವೀಸಾ ಪ್ರವೇಶವಿಲ್ಲ ಎಂದು ಸಂಯುಕ್ತ ಅರಬ್ ಸಂಸ್ಥಾನ 2022ರ ನವೆಂಬರಿನಲ್ಲೇ ಹೇಳಿದೆ. ತಿದ್ದುಪಡಿಗೆ ಬೆಂಗಳೂರಿಗೇ ಓಡಬೇಕಿಲ್ಲ. ದೇಶದಲ್ಲಿ ಮೊದಲು ಶುರುವಾದ ಎರಡು ಅಂಚೆ ಕಚೇರಿ ಪಾಸ್‌ಪೋರ್ಟ್ ಸೇವಾ ಕೇಂದ್ರಗಳಲ್ಲಿ ಒಂದು ಮೈಸೂರಿನದು, 2017ರ ಜನವರಿಯಲ್ಲಿ ತೆರೆದದ್ದು. ಶ್ರೀರಂಗಪಟ್ಟಣದಿಂದ ಬಸ್ಸು ಹತ್ತಿದರೆ ಮೈಸೂರು ಎಷ್ಟು ದೂರ?

ಇನ್ನೊಂದನ್ನು ಗಮನಿಸುವವರು ಕಡಿಮೆ. ಎಸ್‌ಎಸ್‌ಎಲ್‌ಸಿ ಪಾಸಾಗದವರ ಪಾಸ್‌ಪೋರ್ಟಿನಲ್ಲಿ ಇಸಿಆರ್ ಎಂದಿರುತ್ತದೆ. ಅಂಥವರು ಸೌದಿ, ಯುಎಇ, ಮಲೇಷ್ಯಾ, ಥಾಯ್ಲೆಂಡ್, ಇಂಡೋನೇಷ್ಯಾ ಸೇರಿದಂತೆ 18 ದೇಶಗಳಿಗೆ ಉದ್ಯೋಗಕ್ಕೆಂದು ಹೋಗುವುದಾದರೆ ವಲಸೆ ಅನುಮತಿ ಪಡೆಯಬೇಕು. ಯೂನಿಟ್ಟಿನಲ್ಲಿ ಲೈಟು ಹೊರುವವರು, ಅಡುಗೆಯವರು, ಸೆಟ್ ಕೆಲಸದವರು ಎಷ್ಟೋ ಸಲ ಈ ಪಟ್ಟಿಯಲ್ಲಿ ಬರುತ್ತಾರೆ. ಕೆಲಸದ ವೀಸಾ ಹಿಡಿದು ವಿಮಾನ ನಿಲ್ದಾಣಕ್ಕೆ ಬಂದ ಮೇಲೆ ಗೊತ್ತಾದರೆ ಮಾಡುವುದಕ್ಕೆ ಏನೂ ಉಳಿದಿರುವುದಿಲ್ಲ. ಆದಾಯ ತೆರಿಗೆ ಸಲ್ಲಿಸುವವರು, ಐವತ್ತು ದಾಟಿದವರು ಮೊದಲಾದವರಿಗೆ ಇದರಿಂದ ವಿನಾಯಿತಿ ಇದೆ. ಪಾಸ್‌ಪೋರ್ಟ್ ಬದಲಿಸಿಕೊಳ್ಳಲು ಅಂಥವರಿಗೆ ಮೊದಲೇ ಹೇಳಿ, ಖರ್ಚು ನಿರ್ಮಾಣ ಸಂಸ್ಥೆಯೇ ಕೊಡಲಿ.

5. ಅಲ್ಲಿನ ಕನ್ನಡಿಗರನ್ನು ಕಷ್ಟಕ್ಕೆ ಸಿಕ್ಕಿಸಬೇಡಿ.

ಇದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು, ಏಕೆಂದರೆ ಇಲ್ಲಿ ತಪ್ಪುವವರಲ್ಲಿ ಕೆಟ್ಟ ಉದ್ದೇಶ ಇರುವುದೇ ಇಲ್ಲ. ಹೊರದೇಶದಲ್ಲಿ ಕನ್ನಡ ಚಿತ್ರ ಅಂದರೆ ಕನ್ನಡ ಕೂಟದವರು ಮನೆ ಬಿಟ್ಟುಕೊಡುತ್ತಾರೆ, ಕಾರು ಕೊಡುತ್ತಾರೆ, ಬಿಸಿಬೇಳೆಬಾತ್ ಮಾಡಿ ಹಾಕುತ್ತಾರೆ. ‘ಅಮೆರಿಕಾ ಅಮೆರಿಕಾ’ಕ್ಕೆ ಸಂಗೀತ ಕೊಟ್ಟ ಮನೋಮೂರ್ತಿಯವರೂ ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರೇ. ಈ ಪ್ರೀತಿಯೇ ನಮ್ಮ ದೊಡ್ಡ ಬಂಡವಾಳ.

ಹಾಗಾಗಿ ಊರಿನ ಪರಿಚಯದ ವಿದ್ಯಾರ್ಥಿಗೆ ‘ಒಂದು ಪಾತ್ರ ಮಾಡು ತಮ್ಮ, ಖರ್ಚಿಗೆ ಏನಾದರೂ ಕೊಡ್ತೀವಿ’ ಎಂದುಬಿಡುತ್ತೇವೆ. ಅವನು ಅಮೆರಿಕದ ಎಫ್-1 ವಿದ್ಯಾರ್ಥಿ ವೀಸಾದಲ್ಲಿದ್ದರೆ ಅನುಮತಿಯಿಲ್ಲದೆ ಕಾಲೇಜಿನ ಹೊರಗೆ ದುಡಿಯುವಂತಿಲ್ಲ. ಎಚ್-1ಬಿಯಲ್ಲಿರುವ ಸಾಫ್ಟ್‌ವೇರ್ ಇಂಜಿನಿಯರ್ ತನಗೆ ವೀಸಾ ಮಾಡಿಸಿದ ಕಂಪನಿಗಷ್ಟೇ ಕೆಲಸ ಮಾಡಬೇಕು. ಬ್ರಿಟನ್ನಿನ ಸ್ಟೂಡೆಂಟ್ ವೀಸಾದಲ್ಲಂತೂ ಮನರಂಜನಾ ವೃತ್ತಿಯ ಕೆಲಸ ಮಾಡಬಾರದೆಂದು ಸ್ಪಷ್ಟವಾಗಿಯೇ ಇದೆ. ನೀವು ಪ್ಯಾಕಪ್ ಹೇಳಿ ಬಂದುಬಿಡುತ್ತೀರಿ. ಆ ಹುಡುಗ ತಂದೆ ಜಮೀನು ಅಡವಿಟ್ಟು ಸಾಲ ತೆಗೆದು ಓದಿಸುತ್ತಿರುವವನಿರಬಹುದು. ಎರಡು ದಿನದ ನಟನೆಗೆ ಅವನ ಓದನ್ನು ಪಣಕ್ಕಿಡಬೇಡಿ. ಪಾತ್ರಕ್ಕೆ ಅಲ್ಲಿನ ನಾಗರಿಕರು, ಗ್ರೀನ್ ಕಾರ್ಡ್ ಇರುವವರು ಸಿಗುತ್ತಾರೆ. ಅವರಿಗೆ ಒಪ್ಪಂದ ಬರೆದು, ಸರಿಯಾದ ಸಂಭಾವನೆ ಕೊಟ್ಟು ಮಾಡಿಸಿ.

ಮನೆ ಬಿಟ್ಟುಕೊಟ್ಟವರಿಂದಲೂ ಲಿಖಿತ ಒಪ್ಪಿಗೆ ತೆಗೆದುಕೊಳ್ಳಿ. ‘ನಮ್ಮವರೇ ಅಲ್ವಾ’ ಎಂಬ ದಾಕ್ಷಿಣ್ಯ ಬೇಡ. ಬಾಡಿಗೆ ಮನೆಯಾದರೆ ಅದರ ಮಾಲೀಕರ ಸಹಿಯೂ ಬೇಕು.

6. ಸಾಮಾನಿಗೂ ಒಂದು ಪಾಸ್‌ಪೋರ್ಟ್ ಮಾಡಿಸಿ.

ಅದರ ಹೆಸರು ಎಟಿಎ ಕಾರ್ನೆ. ಭಾರತದಲ್ಲಿ ಅದನ್ನು ಕೊಡುವುದು ವಾಣಿಜ್ಯೋದ್ಯಮ ಮಂಡಳಿಗಳ ಒಕ್ಕೂಟವಾದ ಫಿಕ್ಕಿ. ಒಂದು ವರ್ಷ ಚಾಲ್ತಿಯಲ್ಲಿರುತ್ತದೆ. ತಾತ್ಕಾಲಿಕವಾಗಿ ಒಯ್ದು ವಾಪಸ್ ತರುವ ಕ್ಯಾಮೆರಾ, ಲೆನ್ಸು, ಲೈಟುಗಳಿಗೆ ಆ ದೇಶದಲ್ಲಿ ಸುಂಕ ಕಟ್ಟದೆ, ಅಲ್ಲಿ ಪ್ರತ್ಯೇಕ ಠೇವಣಿ ಇಡದೆ ಒಳಗೆ ಹೋಗಲು ಇದು ದಾರಿ. ಅಮೆರಿಕ, ಬ್ರಿಟನ್, ಯುರೋಪಿನ ದೇಶಗಳು ಒಪ್ಪುತ್ತವೆ. ನೀವು ಹೋಗುವ ದೇಶ ಒಪ್ಪುತ್ತದೆಯೇ, ಅದರಲ್ಲೂ ವೃತ್ತಿ ಸಾಧನಗಳಿಗೆ ಒಪ್ಪುತ್ತದೆಯೇ ಎಂದು ಫಿಕ್ಕಿಯಲ್ಲೇ ಕೇಳಿ.

ಕಾರ್ನೆ ನೋಡಲು ಒಂದು ಪುಸ್ತಕದ ಹಾಗಿರುತ್ತದೆ. ಹಸಿರು ಹೊದಿಕೆ. ಒಳಗೆ ಹಳದಿ ಹಾಳೆ ನಮ್ಮ ದೇಶದಿಂದ ಹೊರಡುವಾಗ ಮತ್ತು ಮರಳುವಾಗ, ಬಿಳಿ ಹಾಳೆ ಆ ದೇಶಕ್ಕೆ ಹೊಗುವಾಗ ಮತ್ತು ಬಿಡುವಾಗ, ನೀಲಿ ಹಾಳೆ ನಡುವೆ ದಾಟಿ ಹೋಗುವ ದೇಶಕ್ಕೆ. ಪ್ರತಿ ಗಡಿಯಲ್ಲೂ ಕಸ್ಟಮ್ಸ್‌ನವರು ಹಾಳೆ ಹರಿದುಕೊಂಡು ಉಳಿದ ಚೂರಿಗೆ ಮುದ್ರೆ ಒತ್ತುತ್ತಾರೆ. ಸಾಮಾನು ಪಟ್ಟಿಯಲ್ಲಿ ಕ್ರಮಸಂಖ್ಯೆ, ವಿವರ, ಎಷ್ಟು, ತೂಕ, ಬೆಲೆ, ತಯಾರಾದ ದೇಶ ಎಂಬ ಕಾಲಂಗಳಿರುತ್ತವೆ. ಇಲ್ಲೇ ಬಹಳ ಜನ ಎಡವುವುದು. ‘ಲೆನ್ಸ್ ಸೆಟ್ – 1’ ಎಂದು ಬರೆದರೆ ಆಗುವುದಿಲ್ಲ. ಆರು ಲೆನ್ಸಿದ್ದರೆ ಆರು ಸಾಲು, ಪ್ರತಿಯೊಂದರ ಸೀರಿಯಲ್ ನಂಬರ್. ಕ್ಯಾಮೆರಾ ಅಸಿಸ್ಟೆಂಟನ್ನು ಪಕ್ಕದಲ್ಲಿ ಕೂರಿಸಿಕೊಂಡು, ಪೆಟ್ಟಿಗೆ ತೆರೆದು, ಲೆನ್ಸಿನ ಮೈಮೇಲಿನ ನಂಬರನ್ನು ಟಾರ್ಚ್ ಬಿಟ್ಟು ಓದಿಸಿ ಬರೆಯಿರಿ. ಬಾಡಿಗೆ ಸಾಮಾನು ಕೊನೆಯ ಗಳಿಗೆಯಲ್ಲಿ ಬದಲಾಗುವುದು ಮಾಮೂಲು. ಬದಲಾದರೆ ನಂಬರೂ ಬದಲಾಗುತ್ತದೆ, ಮುಗಿದ ಪಟ್ಟಿಗೆ ಹೊಸ ಸಾಮಾನು ಸೇರಿಸಲು ಬರುವುದಿಲ್ಲ. ಆದ್ದರಿಂದ ಬಾಡಿಗೆ ಕೊಡುವವರ ಜೊತೆ ‘ಇದೇ ಬಾಡಿ, ಇದೇ ಲೆನ್ಸು’ ಎಂದು ಬರೆಸಿಕೊಳ್ಳಿ.

ಮೇಕಪ್ ಸಾಮಗ್ರಿ, ಗ್ಯಾಫರ್ ಟೇಪ್‌ನಂಥ ಖರ್ಚಾಗಿ ಹೋಗುವ ವಸ್ತುಗಳು ಕಾರ್ನೆಯಲ್ಲಿ ಬರುವುದಿಲ್ಲ. ಲೆನ್ಸುಗಳನ್ನು ಒಬ್ಬೊಬ್ಬರ ಬಟ್ಟೆಯ ಬ್ಯಾಗಿಗೆ ಹಂಚಿ ‘ಸ್ವಂತದ್ದು’ ಎಂದು ಹೇಳಿಸುವ ಉಪಾಯ ಬೇಡವೇ ಬೇಡ. ಸುಳ್ಳು ಹೇಳುವ ಭಾರವನ್ನು ಸಂಬಳ ಕಡಿಮೆ ಇರುವವರ ಹೆಗಲಿಗೆ ಹೊರಿಸಿದಂತಾಗುತ್ತದೆ.

7. ಬ್ಯಾಟರಿಯ ಮೇಲಿನ ಸಂಖ್ಯೆ ಓದಿ.

ಬಿಡಿ ಲಿಥಿಯಂ ಬ್ಯಾಟರಿ ಕೈಚೀಲದಲ್ಲೇ ಹೋಗಬೇಕು, ಚೆಕ್-ಇನ್ ಲಗೇಜಿನಲ್ಲಿ ಅಲ್ಲ. 100 ವ್ಯಾಟ್-ಅವರ್ ಒಳಗಿದ್ದರೆ ಸಲೀಸು. 100ರಿಂದ 160ರವರೆಗಿನವು ಒಬ್ಬರಿಗೆ ಎರಡು, ಅದೂ ವಿಮಾನ ಸಂಸ್ಥೆ ಒಪ್ಪಿದರೆ. ಅದಕ್ಕಿಂತ ದೊಡ್ಡವು ಪ್ರಯಾಣಿಕರ ಜೊತೆ ಹೋಗವು. ವಿ-ಮೌಂಟ್ ಬ್ಯಾಟರಿಗಳು 98 ವ್ಯಾಟ್-ಅವರಿನವು ಸಿಗುತ್ತವೆ, ಅವನ್ನೇ ಬಾಡಿಗೆಗೆ ಕೇಳಿ. ಟರ್ಮಿನಲ್‌ಗಳಿಗೆ ಟೇಪ್ ಸುತ್ತಿ.

8. ಡ್ರೋನ್ ಇಲ್ಲೇ ಬಿಟ್ಟು ಹೋಗಿ.

ಮೊರಾಕ್ಕೋದಂಥ ದೇಶಕ್ಕೆ ಒಯ್ದರೆ ವಿಮಾನ ನಿಲ್ದಾಣದಲ್ಲೇ ಕಿತ್ತಿಟ್ಟುಕೊಳ್ಳುತ್ತಾರೆ. ಅಮೆರಿಕದಲ್ಲಿ ವಾಣಿಜ್ಯ ಉದ್ದೇಶಕ್ಕೆ ಹಾರಿಸಲು ಅಲ್ಲಿನ ವಿಮಾನಯಾನ ಇಲಾಖೆಯ ಪೈಲಟ್ ಪ್ರಮಾಣಪತ್ರ ಬೇಕು, ನಮ್ಮದು ನಡೆಯದು. ಮರಳುವಾಗಲೂ ತೊಂದರೆ ಇದೆ. 2022ರ ಫೆಬ್ರವರಿಯಿಂದ ಸಿದ್ಧ ಡ್ರೋನ್‌ಗಳ ಆಮದನ್ನು ಭಾರತ ನಿಷೇಧಿಸಿದೆ. ನಿಮ್ಮದೇ ಡ್ರೋನ್ ಎಂದು ತೋರಿಸಲು ಹೊರಡುವ ದಿನ ಕಸ್ಟಮ್ಸ್‌ನಿಂದ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಪಡೆದಿರದಿದ್ದರೆ ಬೆಂಗಳೂರಿನಲ್ಲೇ ಸಿಕ್ಕಿಹಾಕಿಕೊಳ್ಳುತ್ತೀರಿ. ಆಕಾಶದ ಶಾಟ್ ಬೇಕಾದರೆ ಅಲ್ಲಿಯ ಪರವಾನಗಿ ಇರುವ ಆಪರೇಟರ್‌ಗೆ ಹಣ ಕೊಟ್ಟು ತೆಗೆಸಿ.

9. ಕ್ಯಾಮೆರಾ ಏನನ್ನು ನೋಡುತ್ತಿದೆ ಎನ್ನುವುದಕ್ಕಿಂತ ಎಲ್ಲಿ ನಿಂತಿದೆ ಎಂದು ಕೇಳಿಕೊಳ್ಳಿ.

ಸ್ಯಾನ್ ಫ್ರಾನ್ಸಿಸ್ಕೋದ ಗೋಲ್ಡನ್ ಗೇಟ್ ಸೇತುವೆ ತೆಗೆದುಕೊಳ್ಳಿ. ಸೇತುವೆಯ ಮೇಲೆ ನಿಂತರೆ ಅದನ್ನು ನಡೆಸುವ ಡಿಸ್ಟ್ರಿಕ್ಟ್ ಅನುಮತಿ ಕೊಡಬೇಕು. ದಡದ ಗುಡ್ಡದಲ್ಲಿ ನಿಂತು ಅದೇ ಸೇತುವೆ ತೆಗೆದರೆ ಆ ನೆಲ ಬಹುಪಾಲು ರಾಷ್ಟ್ರೀಯ ಉದ್ಯಾನ ಇಲಾಖೆಯದು, ಅಲ್ಲಿ ಡ್ರೋನ್ ಹಾರಿಸಲೂಬಾರದು. ಊರೊಳಗಿನ ಬೀದಿಯಿಂದ ತೆಗೆದರೆ ನಗರದ ಫಿಲ್ಮ್ ಕಮಿಷನ್. ಕರಿಘಟ್ಟದ ಗುಡಿ, ಕಾಡು ಎಂದು ಆಗಲೇ ಹೇಳಿದ್ದು ಇದಕ್ಕೇ.

ಲಂಡನ್ನಿನ ಟ್ರಫಾಲ್ಗರ್ ಚೌಕದಲ್ಲಿ ವಾಣಿಜ್ಯ ಚಿತ್ರೀಕರಣಕ್ಕೆ ಅಲ್ಲಿನ ಮಹಾನಗರ ಪ್ರಾಧಿಕಾರವನ್ನು ಕೇಳಬೇಕು. ಪ್ಯಾರಿಸಿನ ಐಫೆಲ್ ಗೋಪುರವನ್ನು ಹಗಲು ತೆಗೆಯುವುದು ಬೇರೆ, ರಾತ್ರಿ ತೆಗೆಯುವುದು ಬೇರೆ. ರಾತ್ರಿಯ ದೀಪಾಲಂಕಾರಕ್ಕೆ ಹಕ್ಕುಸ್ವಾಮ್ಯ ಇದೆ, ವೃತ್ತಿಪರ ಬಳಕೆಗೆ ಅನುಮತಿ ಬೇಕು. ನಾಯಕಿ ಆ ಬೆಳಕಿನ ಮುಂದೆ ಹಾಡಲೇಬೇಕು ಎಂದು ಚಿತ್ರಕಥೆ ಹಟ ಹಿಡಿದರೆ ಬಜೆಟ್ಟಿನಲ್ಲಿ ಅದಕ್ಕೊಂದು ಸಾಲು ಇರಲಿ.

ಪರ್ಮಿಟ್ ಬೇಡದ ಜಾಗಗಳೂ ಉಂಟು. ನ್ಯೂಯಾರ್ಕ್ ನಗರದಲ್ಲಿ ಕೈಯಲ್ಲಿ ಹಿಡಿದ ಕ್ಯಾಮೆರಾ ಅಥವಾ ಟ್ರೈಪಾಡ್ ಮಾತ್ರ ಇದ್ದು, ರಸ್ತೆ-ಪಾದಚಾರಿ ದಾರಿಯನ್ನು ನಿಮ್ಮದಾಗಿ ಕಾದಿರಿಸಿಕೊಳ್ಳದಿದ್ದರೆ ನಗರದ ಪರ್ಮಿಟ್ ಬೇಕಿಲ್ಲ. ಪರ್ಮಿಟ್ ಬೇಕಾದ ಶೂಟಿಂಗಿಗೆ ಅಲ್ಲಿ 10 ಲಕ್ಷ ಡಾಲರಿನ ಹೊಣೆಗಾರಿಕೆ ವಿಮೆ ಕೇಳುತ್ತಾರೆ. ಚಿಕ್ಕ ತಂಡಕ್ಕೆ ಚಿಕ್ಕ ತಂಡವಾಗಿಯೇ ಉಳಿಯುವುದು ಎಷ್ಟು ಲಾಭ ಎಂದು ಇದರಲ್ಲೇ ಗೊತ್ತಾಗುತ್ತದೆ.

10. ಪ್ರತಿಯೊಬ್ಬರ ಕೈಗೂ ಒಂದು ಫೈಲು, ಬಾಯಿಗೆ ನಿಜ.

ಮ್ಯಾನೇಜರ್ ಹತ್ತಿರ ಎಲ್ಲ ಕಾಗದ ಇದ್ದರೆ ಸಾಲದು. ಕೌಂಟರಿನ ಮುಂದೆ ಒಬ್ಬೊಬ್ಬರೇ ನಿಲ್ಲುತ್ತಾರೆ. ಸಂಸ್ಥೆಯ ಪತ್ರ, ಹೋಟೆಲ್ ಬುಕಿಂಗ್, ವಾಪಸ್ ಟಿಕೆಟ್, ವಿಮೆ, ಅಲ್ಲಿನ ಸಂಪರ್ಕದವರ ಫೋನ್, ಶೆಡ್ಯೂಲಿನ ಒಂದು ಪುಟ ಎಲ್ಲರ ಕೈಯಲ್ಲೂ ಇರಲಿ. ಹೊರಡುವ ಹಿಂದಿನ ದಿನ ಯೂನಿಟ್ಟನ್ನೆಲ್ಲ ಕೂರಿಸಿ ಅದರಲ್ಲಿ ಏನಿದೆ ಎಂದು ಕನ್ನಡದಲ್ಲೇ ವಿವರಿಸಿ. ಇಂಗ್ಲಿಷ್ ಬಾರದ ಹಿರಿಯ ಲೈಟ್‌ಮನ್ ಗಾಬರಿಯಲ್ಲಿ ‘ಟೂರ್, ಟೂರ್’ ಎಂದುಬಿಟ್ಟರೆ ಅಷ್ಟೂ ಶ್ರಮ ನೀರುಪಾಲು. ‘ಅಣ್ಣಾ, ಗೊತ್ತಾಗದಿದ್ರೆ ಕನ್ನಡ ಅಂತ ಹೇಳಿ, ಭಾಷಾಂತರದವರನ್ನು ಕೇಳಿ, ತಪ್ಪೇನಿಲ್ಲ’ ಎಂದು ಅವರಿಗೆ ಧೈರ್ಯ ತುಂಬುವುದು ನಿರ್ದೇಶಕರ ಕೆಲಸವೂ ಹೌದು.

ಮಕ್ಕಳು ನಟಿಸುತ್ತಿದ್ದರೆ ತಂದೆ ತಾಯಿ ಇಬ್ಬರ ಒಪ್ಪಿಗೆ ಪತ್ರ ಜೊತೆಗಿರಲಿ. ಬ್ರಿಟನ್ನಿನಲ್ಲಿ ಬಾಲನಟರಿಗೆ ಸ್ಥಳೀಯ ಕೌನ್ಸಿಲ್‌ನ ಲೈಸೆನ್ಸ್, ಕ್ಯಾಲಿಫೋರ್ನಿಯಾದಲ್ಲಿ ಪ್ರತ್ಯೇಕ ವರ್ಕ್ ಪರ್ಮಿಟ್ ಪದ್ಧತಿ ಇದೆ.

11. ತಿಂಡಿ, ಬಂದೂಕು, ನೋಟು.

ಕರಿಬೇವಿನ ಸೊಪ್ಪು ಅಮೆರಿಕಕ್ಕೆ ಒಯ್ಯುವಂತಿಲ್ಲ. ಬ್ರಿಟನ್ನಿಗೆ ತುಪ್ಪ ಸೇರಿದಂತೆ ಹಾಲಿನ ಪದಾರ್ಥ, ಮಾಂಸ ತರಬಾರದು. ರಾಗಿ ಹಿಟ್ಟಿದ್ದರೂ ಡಿಕ್ಲೇರ್ ಮಾಡಿ. ಫೈಟ್ ಸೀನಿನ ಡಮ್ಮಿ ಪಿಸ್ತೂಲು ಪೆಟ್ಟಿಗೆಯಲ್ಲಿ ಬೇಡ, ಅಲ್ಲೇ ಬಾಡಿಗೆಗೆ ಸಿಗುತ್ತದೆ. ಸಾಮಾನ್ಯವಾಗಿ ಒಬ್ಬರು ಒಂದು ಪ್ರಯಾಣಕ್ಕೆ 3,000 ಡಾಲರ್ ಮಾತ್ರ ನೋಟಾಗಿ ಒಯ್ಯಬಹುದು, ಉಳಿದದ್ದು ಫಾರೆಕ್ಸ್ ಕಾರ್ಡಿನಲ್ಲಿರಲಿ.

12. ಅಲ್ಲಿಂದ ಇಲ್ಲಿಗೆ ಬರುವವರಿಗೂ ದಾರಿ ಹೇಳಿಕೊಡಿ.

ಡೇವಿಡ್ ಲೀನ್ ‘ಎ ಪ್ಯಾಸೇಜ್ ಟು ಇಂಡಿಯಾ’ಕ್ಕೆ ರಾಮನಗರದ ಬಂಡೆಗಳನ್ನೂ ಸಾವನದುರ್ಗವನ್ನೂ ಆರಿಸಿಕೊಂಡು ಬಂದದ್ದು ಎಂಬತ್ತರ ದಶಕದಲ್ಲಿ. ಈಗ ಹಾಗೆ ಬರುವವರಿಗೆ ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯ 2015ರಲ್ಲಿ ಶುರುಮಾಡಿದ, ಈಗ ಇಂಡಿಯಾ ಸಿನೆ ಹಬ್ ಎಂದು ಕರೆಯುವ ಫಿಲ್ಮ್ ಫೆಸಿಲಿಟೇಶನ್ ಆಫೀಸ್ ಇದೆ. ಕಥಾಚಿತ್ರ ತಂಡಗಳಿಗೆ ಫಿಲ್ಮ್ ವೀಸಾ ಎಂಬ ಪ್ರತ್ಯೇಕ ವರ್ಗವೇ ಇದೆ. ಸಾಕ್ಷ್ಯಚಿತ್ರವಾದರೆ ವಿದೇಶಾಂಗ ಸಚಿವಾಲಯದ ದಾರಿ. ಅಮೆರಿಕದ ಪೌರರಾಗಿರುವ ನಮ್ಮ ಮನೆಮಕ್ಕಳು ಒಸಿಐ ಕಾರ್ಡ್ ಇದ್ದರೂ ಪತ್ರಿಕೋದ್ಯಮದ ಕೆಲಸಕ್ಕೆ ವಿಶೇಷ ಅನುಮತಿ ತೆಗೆದುಕೊಳ್ಳಬೇಕು. ‘ನಮ್ಮ ತಾತನ ಊರು, ಯಾರು ಕೇಳ್ತಾರೆ’ ಎಂದು ಅವರು ಹೇಳಿದರೆ ನೀವೇ ತಿದ್ದಿ.

13. ಮರಳುವ ದಿನಕ್ಕೂ ಒಬ್ಬರನ್ನು ನೇಮಿಸಿ.

ಕೊನೆಯ ದಿನ ಎಲ್ಲರಿಗೂ ಸುಸ್ತು, ಎಲ್ಲರಿಗೂ ಅವಸರ. ಕಾರ್ನೆಯ ಬಿಳಿ ಹಾಳೆಗೆ ಆ ದೇಶ ಬಿಡುವ ಮುದ್ರೆ ಬಿದ್ದಿದೆಯೇ ಎಂದು ನೋಡದೆ ವಿಮಾನ ಹತ್ತಿಬಿಡುವುದು ಆಗಲೇ. ಆ ಮುದ್ರೆ ಇಲ್ಲದಿದ್ದರೆ ಸಾಮಾನು ಅಲ್ಲೇ ಉಳಿಯಿತೆಂದು ಲೆಕ್ಕ ಹಾಕಿ ಸುಂಕ ಕೇಳುತ್ತಾರೆ. ನಿಲ್ದಾಣಕ್ಕೆ ಮಾಮೂಲಿಗಿಂತ ಎರಡು ಮೂರು ಗಂಟೆ ಮುಂಚೆ ಹೋಗಿ, ಪೆಟ್ಟಿಗೆಗಳನ್ನು ಲಗೇಜಿಗೆ ಹಾಕುವ ಮೊದಲೇ ಕಸ್ಟಮ್ಸ್ ಕಚೇರಿಗೆ ತೋರಿಸಿ. ಶೂಟ್ ಮಾಡಿದ ಹಾರ್ಡ್ ಡಿಸ್ಕಿನ ಎರಡು ಪ್ರತಿ ಇಬ್ಬರ ಕೈಚೀಲದಲ್ಲಿ, ಸಾಧ್ಯವಾದರೆ ಎರಡು ವಿಮಾನದಲ್ಲಿ ಬರಲಿ. ಕೆಂಪೇಗೌಡ ನಿಲ್ದಾಣದಲ್ಲಿ ಹಳದಿ ಹಾಳೆಗೆ ಮರುಪ್ರವೇಶದ ಮುದ್ರೆ ಒತ್ತಿಸಿಕೊಂಡ ಮೇಲೆಯೇ ಮಂಡ್ಯದ ಗಾಡಿ ಹತ್ತಿ. ಆ ವಾರದಲ್ಲೇ ಕಾರ್ನೆ ಪುಸ್ತಕವನ್ನು ಫಿಕ್ಕಿಗೆ ಒಪ್ಪಿಸಿ, ಕಾರ್ನೆ ಪಡೆಯುವಾಗ ಅಲ್ಲಿ ನೀವಿಟ್ಟ ಭದ್ರತಾ ಠೇವಣಿ ಬಿಡಿಸಿಕೊಳ್ಳಲು ಅರ್ಜಿ ಕೊಡಿ.